ಸದ್ದಿಗೆ ಗೋಡೆ, ಲಾರಿಗೆ ಹೆಬ್ಬಾಗಿಲು

ಹೆದ್ದಾರಿಯ ಅಂಚಿನ ಊರಿನವರು ನಿದ್ದೆಗೆಟ್ಟು ದೂರತೊಡಗಿದರೆ ಆಳುವವರ ಕೈಗೆ ತಟ್ಟನೆ ಸಿಗುವ ಪರಿಹಾರವೊಂದುಂಟು. ಅದು ರಸ್ತೆಯ ಪಕ್ಕದ ಗೋಡೆ. ಶಬ್ದತಡೆ ಗೋಡೆಯೆಂಬ ಹೆಸರಿನ ಈ ಕಟ್ಟೋಣವನ್ನು ಕಾಂಕ್ರೀಟಿನಲ್ಲಿ ಕಟ್ಟುತ್ತಾರೆ, ಉಕ್ಕಿನ ಹಲಗೆಗಳಲ್ಲಿ ನಿಲ್ಲಿಸುತ್ತಾರೆ, ಕೆಲವೆಡೆ ಆಚೆ ಕಾಣುವ ಹಾಳೆಗಳಲ್ಲಿಯೂ ಮಾಡುತ್ತಾರೆ. ಗೋಡೆಯನ್ನು ಮೀಟರಿನಲ್ಲಿ ಅಳೆಯಬಹುದು, ಟೆಂಡರು ಕರೆಯಬಹುದು, ಬಿಲ್ಲು ಬರೆಯಬಹುದು, ಕೊನೆಗೆ ಗಣ್ಯರನ್ನು ಕರೆಸಿ ಟೇಪು ಕತ್ತರಿಸಬಹುದು. ರಾತ್ರಿ ಹತ್ತರ ಬಳಿಕ ಭಾರೀ ಲಾರಿಗಳು ಈ ಊರನ್ನು ನಿಧಾನವಾಗಿ, ಹಾರ್ನು ಬಾರಿಸದೆ ದಾಟತಕ್ಕದ್ದು ಎಂಬ ಒಂದು ಸಾಲಿನ ಆದೇಶಕ್ಕೆ ಈ ಯಾವ ವೈಭವವೂ ಇಲ್ಲ. ಆದೇಶ ಕಡತದಲ್ಲಿಯೇ ಉಳಿದು ಗೋಡೆಯ ಮಾತು ಮೊದಲು ಏಳುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಗೋಡೆ ಬೇಕೆನ್ನುವ ಹಳ್ಳಿಗರನ್ನು ಹಳಿಯುವಂತಿಲ್ಲ. ಶಿರಾಡಿ, ಚಾರ್ಮಾಡಿ, ಅರಬೈಲು ಘಟ್ಟಗಳ ದಾರಿಯಲ್ಲಿ ಒಂದು ರಾತ್ರಿ ತಂಗಿದವರಿಗೂ ಅವರ ಪಾಡು ತಿಳಿದೀತು. ಏರಿನಲ್ಲಿ ಮೊದಲನೆಯ ಗೇರಿಗೆ ಬಿದ್ದು ನರಳುವ ಲಾರಿ, ಇಳಿಜಾರಿನಲ್ಲಿ ಗಾಳಿಬ್ರೇಕಿನ ಬುಸುಗುಟ್ಟುವಿಕೆ, ಪ್ರತಿ ತಿರುವಿನಲ್ಲಿಯೂ ಹಾರ್ನು. ಮಳೆಗಾಲದಲ್ಲಿ ಒದ್ದೆಯಾದ ರಸ್ತೆಯ ಮೇಲೆ ಗಾಲಿಗಳ ಸಪ್ಪಳ ಇನ್ನೂ ಹೆಚ್ಚು. ಹಾಲು ಕುಡಿಯುವ ಕೂಸು ಬೆಚ್ಚಿ ಏಳುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ. ಕಾಯಿಲೆಯ ಮುದುಕರು ಬೆಳಗಾಗುವುದನ್ನೇ ಕಾಯುತ್ತಾರೆ. ಇಂಥ ಊರು ಸಭೆ ಸೇರಿ ‘ಏನಾದರೂ ಮಾಡಿಕೊಡಿ’ ಎಂದು ಕೇಳುವುದು ನ್ಯಾಯವೇ ಆಗಿದೆ. ಆದರೆ ಆ ‘ಏನಾದರೂ’ ಎಂಬ ಜಾಗದಲ್ಲಿ ಗೋಡೆಯನ್ನು ಬರೆದುಕೊಡುವ ಮೊದಲು ಗೋಡೆ ಮಾಡುವುದೇನು, ಮಾಡಲಾರದ್ದೇನು ಎಂಬುದನ್ನು ಊರು ಅರಿಯಬೇಕು.

ಶಬ್ದ ನೇರವಾಗಿ ಮಾತ್ರ ಸಾಗುವುದಿಲ್ಲ. ಅಡ್ಡ ಬಂದುದರ ಅಂಚನ್ನು ಬಳಸಿ ಆಚೆ ಬಾಗುತ್ತದೆ. ಗೋಡೆಯ ಹಿಂದೆ ಸದ್ದಿನ ನೆರಳು ಬೀಳುವುದು ನಿಜ, ಆದರೆ ಅದು ತೆಳುವಾದ ನೆರಳು. ವಾಹನ ಕಣ್ಣಿಗೆ ಕಾಣದಷ್ಟು ಎತ್ತರಕ್ಕೆ ಗೋಡೆ ಎದ್ದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಅಲ್ಲಿಂದ ಮೇಲೆ ಪ್ರತಿ ಮೀಟರಿಗೆ ಇನ್ನೊಂದೂವರೆ ಡೆಸಿಬೆಲ್‌ನಷ್ಟು. ಒಳ್ಳೆಯ ಗೋಡೆ 10 ಡೆಸಿಬೆಲ್ ಇಳಿಸಿದರೆ ಅದೇ ದೊಡ್ಡ ಗೆಲುವು. ಆಗ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಮೌನವನ್ನು ಕೊಡುವ ಗೋಡೆ ಯಾವ ದೇಶದಲ್ಲಿಯೂ ಇಲ್ಲ.

ಇಂಥ ಗೋಡೆಗಳನ್ನು ಮೈಲುಗಟ್ಟಲೆ ಕಟ್ಟಿದ ದೇಶ ಅಮೆರಿಕ. 1970ರ ಹೆದ್ದಾರಿ ಕಾಯಿದೆ ಅಲ್ಲಿ ಶಬ್ದದ ಮಾನದಂಡಗಳನ್ನು ರೂಪಿಸಲು ವಿಧಿಸಿತು. 2010ರ ಹೊತ್ತಿಗೆ 2,700 ಮೈಲಿಗೂ ಮಿಕ್ಕಿ ಗೋಡೆಗಳು ಎದ್ದಿದ್ದವು. ಇಷ್ಟನ್ನು ಕಂಡ ಅಲ್ಲಿನ ಹೆದ್ದಾರಿ ಆಡಳಿತವೇ ತನ್ನ ಜನರಿಗೆ ತಿಳಿಹೇಳುವ ಮಾತುಗಳು ಮಲೆನಾಡಿನವರ ಕಿವಿಗೂ ಬೀಳಬೇಕು. ರಸ್ತೆಯಿಂದ 200 ಅಡಿಯೊಳಗಿನ ಮನೆಗಳಿಗೆ ಗೋಡೆಯ ಪ್ರಯೋಜನ ಹೆಚ್ಚು. ರಸ್ತೆಯನ್ನು ಮೇಲಿನಿಂದ ನೋಡುವ ಗುಡ್ಡದ ಮನೆಗಳಿಗೂ ಗೋಡೆಯನ್ನು ಮೀರಿ ನಿಂತ ಕಟ್ಟಡಗಳಿಗೂ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಮನೆಯ ದಾರಿಗೆಂದೋ ಅಡ್ಡರಸ್ತೆಗೆಂದೋ ನಡುನಡುವೆ ಕಿಂಡಿ ಬಿಟ್ಟರೆ ಗೋಡೆಯ ಗುಣವೇ ಕೆಟ್ಟುಹೋಗುತ್ತದೆ.

ಈಗ ಮಲೆನಾಡಿನ ಮನೆ ಎಲ್ಲಿರುತ್ತದೆಂದು ನೋಡಿ. ಕಣಿವೆಯ ತಳದಲ್ಲಿ ಗದ್ದೆ ಅಥವಾ ಅಡಿಕೆ ತೋಟ, ಅದರ ಮೇಲಿನ ದಿಬ್ಬದಲ್ಲಿ ಮನೆ, ಮನೆಯ ಬೆನ್ನಿಗೆ ಸೊಪ್ಪಿನಬೆಟ್ಟ, ಅದರಾಚೆ ಕಾನು. ಹೆದ್ದಾರಿ ಬಂದುದು ಗುಡ್ಡದ ಸೊಂಟವನ್ನು ಕೊರೆದುಕೊಂಡು. ಹೀಗಾಗಿ ಅರ್ಧ ಊರು ರಸ್ತೆಯನ್ನು ಮೇಲಿನಿಂದ ನೋಡುತ್ತದೆ. ಆ ಮನೆಗಳ ಜಗುಲಿಗೂ ಲಾರಿಗೂ ನಡುವೆ ಅಡ್ಡ ಬರಬೇಕಾದರೆ ಗೋಡೆ ಹತ್ತಾರು ಮೀಟರ್ ಎತ್ತರವಿರಬೇಕು. ಅದು ಆಗದ ಹೋಗದ ಮಾತು. ಇನ್ನರ್ಧ ಊರು ರಸ್ತೆಗಿಂತ ಕೆಳಗಿದೆ. ಅಲ್ಲಿ ಏರಿಸಿದ ರಸ್ತೆಯ ಅಂಚೇ ಆಗಲೇ ತಕ್ಕಮಟ್ಟಿಗೆ ಗೋಡೆಯ ಕೆಲಸ ಮಾಡುತ್ತಿರುತ್ತದೆ. ಮನೆಗಳಾದರೂ ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದು ಮನೆಯ ಉಣಗೋಲಿನಿಂದ ಇನ್ನೊಂದಕ್ಕೆ ಫರ್ಲಾಂಗು ನಡೆಯಬೇಕು. ಪ್ರತಿ ಉಣಗೋಲಿನ ಎದುರಿಗೂ ಗೋಡೆಯಲ್ಲೊಂದು ಬಾಯಿ ಬೇಕು. ದನ ದಾಟುವ ಜಾಗಕ್ಕೊಂದು, ಗದ್ದೆಗಿಳಿಯುವ ದಾರಿಗೊಂದು, ಶಾಲೆಯ ಬಸ್ಸು ನಿಲ್ಲುವಲ್ಲಿ ಒಂದು. ಇಷ್ಟು ಬಾಯಿ ಬಿಟ್ಟ ಗೋಡೆ ತೂತು ಬಿದ್ದ ಕೊಡದಲ್ಲಿ ನೀರು ಹೊತ್ತಂತೆ.

ಇಷ್ಟೇ ಅಲ್ಲ. ಘಟ್ಟದ ರಸ್ತೆಗೆ ಒಂದು ಕಡೆ ಕಡಿದು ನಿಲ್ಲಿಸಿದ ಧರೆಯಿರುತ್ತದೆ, ಇನ್ನೊಂದು ಕಡೆ ಕಣಿವೆ. ಕಣಿವೆಯ ಬದಿಗೆ ಗಟ್ಟಿ ಗೋಡೆ ನಿಲ್ಲಿಸಿದರೆ ಸದ್ದು ಗೋಡೆಗೂ ಧರೆಗೂ ನಡುವೆ ಬಡಿದಾಡಿ ಮೇಲಕ್ಕೇಳುತ್ತದೆ. ಮೇಲಿನ ಮನೆಗಳ ಪಾಡು ಮೊದಲಿಗಿಂತ ಕೆಡುವ ಸಂಭವವೇ ಹೆಚ್ಚು. ಚಳಿಗಾಲದ ಬಾನು ತಿಳಿಯಾದ ರಾತ್ರಿಗಳಲ್ಲಿ ಕಣಿವೆಯ ತಳದಲ್ಲಿ ತಂಪು ಗಾಳಿ ಕೂತು ಮೇಲೆ ಬೆಚ್ಚನೆಯ ಗಾಳಿ ಹಾಸಿಕೊಳ್ಳುತ್ತದೆ. ಆಗ ಮೇಲೆ ಹೋದ ಶಬ್ದ ಮತ್ತೆ ಕೆಳಕ್ಕೆ ಬಾಗುತ್ತದೆ. ಹಗಲಲ್ಲಿ ಕೇಳದ ದೂರದ ಲಾರಿ ನಡುರಾತ್ರಿ ಹಿತ್ತಿಲಲ್ಲಿಯೇ ಹೋದಂತೆ ಕೇಳಿಸುವುದು ಇದರಿಂದ. ನಿದ್ದೆಗೆ ಬೇಕಾದ ಹೊತ್ತಿನಲ್ಲಿಯೇ ಗೋಡೆ ಹೀಗೆ ಸೋಲುತ್ತದೆ. ಇದು ಹಳ್ಳಿಯ ಹಿರಿಯರಿಗೆ ಡೆಸಿಬೆಲ್ ಎಂಬ ಮಾತನ್ನು ಕೇಳುವ ಮೊದಲೇ ಗೊತ್ತಿತ್ತು. ಆಚೆ ದಿಬ್ಬದ ಮನೆಯವರನ್ನು ಕೂಗಿ ಕರೆಯಲು ಯಾವ ಹೊತ್ತು ಒಳ್ಳೆಯದೆಂಬುದು ಅವರ ನಿತ್ಯದ ಅನುಭವ.

ಹಾಗಿದ್ದರೂ ಗೋಡೆ ಕಟ್ಟಿಯೇ ಬಿಟ್ಟರೆನ್ನಿ. ಲೆಕ್ಕ ಏನಾಗುತ್ತದೆ? ವಾಹನಗಳ ಸಂಖ್ಯೆ ಇಮ್ಮಡಿಯಾದರೆ ಸದ್ದು 3 ಡೆಸಿಬೆಲ್ ಏರುತ್ತದೆ. ಅಂದರೆ 5 ಡೆಸಿಬೆಲ್ ಇಳಿಸಿದ ಗೋಡೆಯ ಲಾಭವನ್ನು ಮೂರು ಪಟ್ಟಿಗಿಂತ ತುಸು ಹೆಚ್ಚಿದ ಸಂಚಾರ ಪೂರ್ತಿ ನುಂಗಿಹಾಕುತ್ತದೆ. ಎರಡು ಪಥದ ದಾರಿಯನ್ನು ನಾಲ್ಕು ಪಥ ಮಾಡುವುದೇ ಇನ್ನಷ್ಟು ವಾಹನಗಳನ್ನು ಕರೆಯಲೆಂದು. ಗೋಡೆ ಇರುವಾಗ ಊರಿನವರ ದೂರಿಗೆ ಉತ್ತರವೂ ಸಿದ್ಧವಾಗಿರುತ್ತದೆ: ‘ಕಟ್ಟಿಕೊಟ್ಟಿದ್ದೇವಲ್ಲ, ಇನ್ನೇನು?’ ಮುಂದಿನ ಆರು ಪಥಕ್ಕೂ ಅದೇ ಗೋಡೆ ಸಮಜಾಯಿಷಿ. ತೊಂದರೆ ಕೊಡುವುದು ಲಾರಿ, ಬೇಲಿಯೊಳಗೆ ಕೂರಬೇಕಾದುದು ಊರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಚಿಕಿತ್ಸೆ ಇದಲ್ಲವೇ?

ನೆಲದ ಮಾತನ್ನೂ ಆಡಬೇಕು. ಹಾಸನದಿಂದ ಮಾರನಹಳ್ಳಿಯವರೆಗಿನ 45 ಕಿ.ಮೀ. ಚತುಷ್ಪಥಕ್ಕಾಗಿ ಸಕಲೇಶಪುರದ ಗುಡ್ಡಗಳನ್ನು ಎಷ್ಟು ನೆಟ್ಟಗೆ ಕಡಿದರೆಂಬುದನ್ನು ಆ ದಾರಿಯಲ್ಲಿ ಹೋದವರೆಲ್ಲ ಕಂಡಿದ್ದಾರೆ. 2022ರ ಜುಲೈನಲ್ಲಿ ದೋಣಿಗಲ್ ಬಳಿ ರಸ್ತೆಯ ಅಂಚೇ ಕುಸಿಯಿತು. 2024ರ ಮಳೆಗಾಲದಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಜರಿದು ವಾಹನಗಳು ಸಿಲುಕಿದವು, ಸಂಚಾರ ಮತ್ತೆ ಮತ್ತೆ ನಿಂತಿತು. ತನ್ನ ಭಾರವನ್ನೇ ಹೊರಲಾರದ ಈ ಅಂಚಿನ ಮೇಲೆ ನಾಲ್ಕು ಮೀಟರ್ ಎತ್ತರದ, ಗಾಳಿಗೆ ಎದೆಯೊಡ್ಡುವ ಹಲಗೆಯನ್ನು ನಿಲ್ಲಿಸಲು ಎಷ್ಟು ಆಳದ ಬುನಾದಿ ಬೇಕು? ಗುಡ್ಡದಿಂದ ಇಳಿಯುವ ನೀರು ಗೋಡೆಯ ಬುಡದಲ್ಲಿ ಎತ್ತ ಹೋಗಬೇಕು? ಚರಂಡಿಯನ್ನೇ ನೆಟ್ಟಗೆ ಮಾಡದವರ ಕೈಗೆ ಗೋಡೆಯನ್ನು ಒಪ್ಪಿಸುವುದು ಸಾಹಸದ ಮಾತಾದೀತು.

ಆನೆಗಳಿಗೂ ಇದೇ ದಾರಿ. ಸಕಲೇಶಪುರ, ಆಲೂರು ಸೀಮೆಯಲ್ಲಿ ಅವು ಕಾಫಿ ತೋಟಗಳ ನಡುವೆಯೇ ಓಡಾಡಿಕೊಂಡಿವೆ. ಉದ್ದಕ್ಕೂ ಗೋಡೆ ಎದ್ದರೆ ರಸ್ತೆಗಿಳಿದ ಆನೆ ಧರೆಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಎದುರಿಗೆ ಬೈಕಿನಲ್ಲಿ ಬಂದವನ ಗತಿ ಹೇಳಬೇಕಾಗಿಲ್ಲ. ಇನ್ನು ಕಾನಿನ ಹಕ್ಕಿಗಳಿಗೆ ಸದ್ದೊಂದೇ ಸಾಕು, ರಸ್ತೆಯೂ ಬೇಡ. ಅಮೆರಿಕದ ಇಡಾಹೊ ರಾಜ್ಯದಲ್ಲಿ ವಿಜ್ಞಾನಿಗಳು ರಸ್ತೆಯೇ ಇಲ್ಲದ ಬೆಟ್ಟಸಾಲಿನ ಮರಗಳ ನಡುವೆ ಧ್ವನಿವರ್ಧಕಗಳನ್ನಿಟ್ಟು ವಾಹನಗಳ ಸದ್ದನ್ನು ಮಾತ್ರ ನುಡಿಸಿದರು. ಅಲ್ಲಿ ತಂಗುತ್ತಿದ್ದ ಹಕ್ಕಿಗಳ ಸಂಖ್ಯೆ ಕಾಲುಭಾಗಕ್ಕೂ ಮಿಕ್ಕಿ ಇಳಿಯಿತೆಂದು 2013ರಲ್ಲಿ ಪ್ರಕಟಿಸಿದರು. ರಸ್ತೆಗಿಂತ ನೂರಾರು ಅಡಿ ಮೇಲಿರುವ ಕಾನಿಗೆ ರಸ್ತೆಯಂಚಿನ ಗೋಡೆ ಯಾವ ಆಸರೆಯನ್ನೂ ಕೊಡಲಾರದು.

ಗೋಡೆ ಎಲ್ಲಿಯೂ ಸಲ್ಲದೆಂದರೆ ಅನ್ಯಾಯವಾದೀತು. ಶಾಲೆಯೋ ಆಸ್ಪತ್ರೆಯೋ ರಸ್ತೆಯ ಮಟ್ಟದಲ್ಲಿಯೇ, ರಸ್ತೆಗೆ ಅಂಟಿಕೊಂಡಂತೆ ಇದ್ದು, ಅದನ್ನು ಕದಲಿಸಲು ಬಾರದಿದ್ದರೆ ಅಲ್ಲಿ ಗಟ್ಟಿಯಾದ ತುಂಡು ಗೋಡೆಯೊಂದು ಮಕ್ಕಳ ಪಾಠವನ್ನು ಉಳಿಸಬಹುದು. ಮಧ್ಯಪ್ರದೇಶದ ಸಿವನಿ ಜಿಲ್ಲೆಯಲ್ಲಿ ಪೇಂಚ್ ಕಾಡಿನ ನಡುವೆ ಹಾಯುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಉಕ್ಕಿನ ತಡೆಗಳನ್ನು ನಿಲ್ಲಿಸಿದ್ದಾರೆ. ಲಾರಿಗಳ ಸದ್ದನ್ನೂ ದೀಪದ ಬೆಳಕನ್ನೂ ಅವು ಮರೆಮಾಡುತ್ತವೆ. ಅಲ್ಲಿ ರಸ್ತೆಯನ್ನೇ ಮೇಲಕ್ಕೆತ್ತಿ ಕೆಳಗೆ ಪ್ರಾಣಿಗಳಿಗೆ ದಾರಿ ಬಿಟ್ಟಿರುವುದರಿಂದ ತಡೆಗೆ ಅರ್ಥವಿದೆ. ಅದೇ ಹೆದ್ದಾರಿಯ ಮಹಾರಾಷ್ಟ್ರದ ಭಾಗದಲ್ಲಿ ಹುಲಿಗಳು ಕೆಳದಾರಿಯಲ್ಲಿ ನಡೆದುಹೋದುದನ್ನು ಕ್ಯಾಮರಾಗಳು ಸೆರೆಹಿಡಿದಿವೆ. ಆ ವ್ಯವಸ್ಥೆಯೂ ತಾನಾಗಿ ಬಂದುದಲ್ಲ, ವರ್ಷಗಟ್ಟಲೆ ವ್ಯಾಜ್ಯ ನಡೆದ ಬಳಿಕ ಬಂದುದು. ಪೇಂಚಿನ ಚಿತ್ರವನ್ನು ತೋರಿಸಿ ಘಟ್ಟದಲ್ಲಿ ಗೋಡೆ ಮಾರುವವರು ಈ ಎರಡು ಸಂಗತಿಗಳನ್ನೂ ಜೊತೆಗೆ ಹೇಳಬೇಕು.

ಕರ್ನಾಟಕದಲ್ಲಿಯೇ ಇದಕ್ಕಿಂತ ಹತ್ತಿರದ ಪಾಠವೊಂದಿದೆ. ಬಂಡೀಪುರವನ್ನು ಸೀಳಿಹೋಗುವ ಹೆದ್ದಾರಿಗಳಲ್ಲಿ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಲ್ಲಿಸಿತು. ತುರ್ತು ವಾಹನಗಳಿಗೆ, ಕೆಲವೇ ಬಸ್ಸುಗಳಿಗೆ ವಿನಾಯಿತಿ ಕೊಟ್ಟಿತು. 2010ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಒಂದು ಇಟ್ಟಿಗೆಯನ್ನೂ ಇಡದೆ ಆ ಕಾಡಿಗೆ ರಾತ್ರಿಯನ್ನು ಹಿಂದಿರುಗಿಸಿದ ಆದೇಶವದು. 2018ರಲ್ಲಿ ಇದಕ್ಕೆ ಬದಲಾಗಿ ಕಾಡಿನ ನಡುವೆ ಅಲ್ಲಲ್ಲಿ ಮೇಲ್ಸೇತುವೆ, ಉಳಿದೆಡೆ ತಡೆಬೇಲಿ ಎಂಬ ಪ್ರಸ್ತಾವ ಬಂತು. ಕಟ್ಟಿಕೊಡುತ್ತೇವೆ, ರಾತ್ರಿಯನ್ನು ಬಿಟ್ಟುಕೊಡಿ ಎಂಬುದು ಅದರ ತಿರುಳು. ಗೋಡೆ ಕೇಳುವ ಊರುಗಳು ಈ ವ್ಯಾಪಾರದ ಗುಟ್ಟನ್ನು ಗಮನಿಸಬೇಕು.

ಮೋಟಾರು ವಾಹನ ಕಾಯಿದೆಯ 115ನೆಯ ಕಲಮು ಸಾರ್ವಜನಿಕ ಸುರಕ್ಷತೆ, ಅನುಕೂಲ, ರಸ್ತೆಯ ಸ್ವರೂಪಗಳನ್ನು ನೋಡಿಕೊಂಡು ವಾಹನಗಳ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದಾಗ ಘಟ್ಟಗಳಲ್ಲಿ ಭಾರೀ ವಾಹನಗಳನ್ನು ತಡೆಯುವ ಜಿಲ್ಲಾಧಿಕಾರಿಗಳ ಆದೇಶಗಳೇನು ಹೊಸತಲ್ಲ. ರಸ್ತೆ ಉಳಿಯಲೆಂದು ಲಾರಿಯನ್ನು ತಡೆಯಬಹುದಾದರೆ ಜನ ಮಲಗಲೆಂದು ತಡೆಯಲು ಬಾರದೇ?

ಬೆಟ್ಟದ ನಾಡಿನವರೇ ಇದನ್ನು ಮಾಡಿ ತೋರಿಸಿದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ ಭಾರೀ ಲಾರಿಗಳು ರಾತ್ರಿ 10ರಿಂದ ಬೆಳಗಿನ 5ರವರೆಗೆ ರಸ್ತೆಗಿಳಿಯುವಂತಿಲ್ಲ, ಭಾನುವಾರವೂ ಇಲ್ಲ. 1994ರ ಫೆಬ್ರವರಿಯಲ್ಲಿ ಅಲ್ಲಿನ ಜನ ಮತ ಹಾಕಿ, ಆಲ್ಪ್ಸ್ ಪರ್ವತವನ್ನು ದಾಟಿಹೋಗುವ ಸರಕು ರೈಲಿಗೇರಬೇಕೆಂದು ಸಂವಿಧಾನದಲ್ಲಿಯೇ ಬರೆಸಿದರು. 57 ಕಿ.ಮೀ. ಉದ್ದದ ಗೊಥಾರ್ಡ್ ರೈಲು ಸುರಂಗ 2016ರಲ್ಲಿ ತೆರೆಯಿತು. ಅಲ್ಲಿಯೂ ಶಬ್ದತಡೆ ಗೋಡೆಗಳಿವೆ. ಆದರೆ ರಾತ್ರಿಯನ್ನು ಗೋಡೆಗೆ ಅಡವಿಟ್ಟಿಲ್ಲ.

‘ಅದು ಸಿರಿವಂತರ ದೇಶ’ ಎನ್ನುವವರಿಗೆ ಸಕಲೇಶಪುರ–ಸುಬ್ರಹ್ಮಣ್ಯ ರೈಲುದಾರಿಯನ್ನು ನೆನಪಿಸಬೇಕು. 57 ಸುರಂಗಗಳ ಆ ದಾರಿ 2006ರಲ್ಲಿ ಬ್ರಾಡ್‌ಗೇಜಾಗಿ ಸರಕು ಸಾಗಣೆಗೆ ತೆರೆದಿದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ತೈಲೋತ್ಪನ್ನದ ಕೊಳವೆ 2003ರಿಂದ ಹರಿಯುತ್ತಿದೆ. ಆ ತೈಲವೆಲ್ಲ ಟ್ಯಾಂಕರಿನಲ್ಲಿ ಘಟ್ಟ ಹತ್ತಬೇಕಾಗಿದ್ದರೆ ರಾತ್ರಿಗಳು ಹೇಗಿರುತ್ತಿದ್ದವು? 2010ರ ಜುಲೈನಲ್ಲಿ ರಾಜ್ಯ ಸರಕಾರ ಕಬ್ಬಿಣದ ಅದಿರಿನ ರಫ್ತು ಸಾಗಣೆಗೆ ಪರವಾನಗಿ ನಿಲ್ಲಿಸಿದುದನ್ನು ಘಟ್ಟದವರು ಮರೆತಿರಲಾರರು. ಲಾರಿ ಇರಬೇಕೋ ಬೇಡವೋ, ಎಷ್ಟು ಇರಬೇಕು, ಯಾವ ಹೊತ್ತಿನಲ್ಲಿ ಇರಬೇಕು ಎಂಬುದು ಮಳೆಯಂತೆ ಆಕಾಶದಿಂದ ಇಳಿಯುವುದಲ್ಲ. ಕಚೇರಿಗಳಲ್ಲಿ ನಿರ್ಧಾರವಾಗುವ ಸಂಗತಿ.

ಅಮೆರಿಕದ ಹೆದ್ದಾರಿ ಆಡಳಿತದ ಲೆಕ್ಕವನ್ನೇ ಮತ್ತೊಮ್ಮೆ ನೋಡಬಹುದು. ಗಂಟೆಗೆ 88 ಕಿ.ಮೀ. ವೇಗದಲ್ಲಿ ಒಂದು ಲಾರಿಯ ಸದ್ದು 28 ಕಾರುಗಳ ಸದ್ದಿಗೆ ಸಮ. ಗಂಟೆಗೆ 105 ಕಿ.ಮೀ. ವೇಗದ ಸಂಚಾರ 48 ಕಿ.ಮೀ. ವೇಗದ್ದಕ್ಕಿಂತ ಇಮ್ಮಡಿ ಸದ್ದಾಗಿ ಕೇಳಿಸುತ್ತದೆ. ಘಟ್ಟದ ಮೇಲಿನ ಸಮತಟ್ಟಾದ ಚತುಷ್ಪಥದಲ್ಲಿ ವೇಗವನ್ನು ಇಳಿಸಿದರೆ ಒಳ್ಳೆಯ ಗೋಡೆ ಮಾಡುವ ಕೆಲಸ ಖರ್ಚಿಲ್ಲದೆ ಆಗುತ್ತದೆ. ಅದೂ ಗುಡ್ಡದ ಮೇಲಿನ ಮನೆ, ಕೆಳಗಿನ ಮನೆ ಎಂಬ ಭೇದವಿಲ್ಲದೆ. ತಿರುವುಗಳ ಏರುದಾರಿಯಲ್ಲಿ ವೇಗ ಮೊದಲೇ ಕಡಿಮೆ. ಅಲ್ಲಿನ ರೋಗ ಎಂಜಿನ್ನು, ಕೆಟ್ಟ ಸೈಲೆನ್ಸರು, ಹಾರ್ನು. ಕರ್ಕಶ ಹಾರ್ನನ್ನೂ ಹಲವು ಸ್ವರದ ಹಾರ್ನನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮ ಆಗಲೇ ನಿಷೇಧಿಸಿದೆ. ಅನಗತ್ಯವಾಗಿ ಹಾರ್ನು ಬಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ 1,000 ರೂ., ಮತ್ತೆ ಮಾಡಿದರೆ 2,000 ರೂ. ದಂಡ. ಕಾಯಿದೆಯ ಪುಸ್ತಕದಲ್ಲಿ ಬರೆದ ದಂಡ ಘಟ್ಟದ ತಿರುವಿನಲ್ಲಿ ಬಿದ್ದುದನ್ನು ಕಂಡವರು ಕೈ ಎತ್ತಲಿ.

ಊರನ್ನು ಇಷ್ಟು ತಡವಾಗಿ ಕೇಳುವುದರ ಹಿಂದೆಯೂ ಒಂದು ಕಥೆಯಿದೆ. ಪರಿಸರ ಪರಿಣಾಮದ 2006ರ ಅಧಿಸೂಚನೆಗೆ 2013ರಲ್ಲಿ ತಂದ ತಿದ್ದುಪಡಿ, 100 ಕಿ.ಮೀ. ಮೀರದ ಹೆದ್ದಾರಿ ಅಗಲೀಕರಣಕ್ಕೆ ಪೂರ್ವಾನುಮತಿಯ ಅಗತ್ಯವನ್ನೇ ತೆಗೆದುಹಾಕಿತು. ಪೂರ್ವಾನುಮತಿ ಬೇಡವೆಂದ ಮೇಲೆ ಸಾರ್ವಜನಿಕ ಅಹವಾಲು ಎಲ್ಲಿಂದ ಬಂತು? ಉದ್ದದ ದಾರಿಯನ್ನು ತುಂಡು ತುಂಡಾಗಿ ಗುತ್ತಿಗೆ ಕೊಟ್ಟರಾಯಿತು. ರಸ್ತೆ ಬರುವಾಗ ಊರಿನ ಬಾಯಿ ಕಟ್ಟಿ, ಬಂದ ಮೇಲೆ ‘ಗೋಡೆ ಬೇಕೇ’ ಎಂದು ಕೇಳುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆಯೇ.

ಊರಿನೊಳಗೂ ಎಲ್ಲರ ಮನಸ್ಸು ಒಂದೇ ಇರುವುದಿಲ್ಲ. ರಸ್ತೆ ಬದಿಯ ಚಹಾದಂಗಡಿ, ಹಣ್ಣು ಜೇನು ಮಾರುವ ಗೂಡಂಗಡಿ, ಪಂಕ್ಚರ್ ಅಂಗಡಿಗಳಿಗೆ ಗೋಡೆ ಎಂದರೆ ಹೊಟ್ಟೆಗೆ ಹೊಡೆತ. ರಸ್ತೆಗೆ ತಾಗಿದ ಮನೆಯವರಿಗೆ ಗೋಡೆ ಎಂದರೆ ಒಂದಿಷ್ಟು ನಿದ್ದೆ. ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ತಾನು ಪಕ್ಕಕ್ಕೆ ಸರಿಯುವುದು ಹೆದ್ದಾರಿಯವರಿಗೆ ಅನುಕೂಲ. ರಾತ್ರಿಯ ನಿರ್ಬಂಧ, ವೇಗದ ಮಿತಿ, ಹಾರ್ನಿನ ದಂಡಗಳಿಂದ ಇಬ್ಬರಿಗೂ ನಷ್ಟವಿಲ್ಲ. ನಿಧಾನವಾಗಿ ಬಂದ ಗಾಡಿಯೇ ಚಹಾಕ್ಕೆ ನಿಲ್ಲುವುದು.

ಆದುದರಿಂದ ಗ್ರಾಮಸಭೆಯಲ್ಲಿ ಗೋಡೆಯ ಅರ್ಜಿಗೆ ಸಹಿ ಬೀಳುವ ಮುನ್ನ ಊರಿನ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಗಂಟೆಗೆ ಎಷ್ಟು ಲಾರಿ ಹಾದುಹೋದವು, ಎಷ್ಟು ಸಲ ಹಾರ್ನು ಕೇಳಿಸಿತು ಎಂಬುದನ್ನು ಒಂದು ವಾರ ಬರೆದಿಡುವುದು. ಮೊಬೈಲಿನ ಡೆಸಿಬೆಲ್ ಲೆಕ್ಕವನ್ನು ಯಾರೂ ಒಪ್ಪಲಾರರು. ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಮಾಪಕದೊಂದಿಗೆ ಕರೆಸಬೇಕು. ಅವರು ರಸ್ತೆಯ ಬದಿಯಲ್ಲಿ ಹಗಲು ಹನ್ನೊಂದಕ್ಕೆ ಅಳೆದು ಹೋಗದಂತೆ, ಮೇಲಿನ ಮನೆಗಳ ಮಲಗುವ ಕೋಣೆಯ ಕಿಟಕಿಯ ಬಳಿ ರಾತ್ರಿಯಲ್ಲಿ ಅಳೆಯುವಂತೆ ನೋಡಿಕೊಳ್ಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಶಾಲೆ, ಆಸ್ಪತ್ರೆಗಳ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಮಿತಿಗಿಂತ ಸದ್ದು 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದೆಂದು ಅದೇ ನಿಯಮಗಳ 7ನೆಯ ನಿಯಮ ಹೇಳುತ್ತದೆ. ಅಂದರೆ ರಾತ್ರಿ ಕಿಟಕಿಯ ಬಳಿ 55 ಡೆಸಿಬೆಲ್ ದಾಖಲಾದರೆ ಸಾಕು. ಆ ದೂರು ಹೋಗಬೇಕಾದುದು ಗೋಡೆ ಕಟ್ಟುವ ಎಂಜಿನಿಯರರಿಗಲ್ಲ, ಸಂಚಾರವನ್ನು ನಿರ್ಬಂಧಿಸಬಲ್ಲ ಜಿಲ್ಲಾಧಿಕಾರಿಗಳಿಗೆ. ಒಂದು ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬರಬೇಕು.